ಗೇಮ್ ಚಟ ಇರುವವರ ಮೆದುಳಿಗೆ ತಪ್ಪು ಅಂತ ಗೊತ್ತಾಗುವುದೇ ಇಲ್ವಾ?

ತುಂಗೆ ದಂಡೆ
ನಮಸ್ಕಾರ ಎಲ್ಲರಿಗೂ. ನನ್ನ ತಮ್ಮ ಇಂಜಿನಿಯರಿಂಗ್ ಎರಡನೇ ವರ್ಷ. ರಾತ್ರಿ ಊಟ ಆದಮೇಲೆ ಫೋನ್ ಹಿಡಿದರೆ ಬೆಳಗಿನ ಜಾವದ ತನಕ ಬ್ಯಾಟಲ್ ರಾಯಲ್, ಅದೇ ಕೊನೆಯ ತನಕ ಉಳಿದವರು ಗೆಲ್ಲುವ ಗೇಮ್. ಎರಡು ಸಬ್ಜೆಕ್ಟ್ ಬ್ಯಾಕ್ ಉಳಿದಿದೆ. ಬೆಳಗ್ಗೆ ಕೇಳಿದರೆ "ತಪ್ಪಾಯ್ತು ಅಕ್ಕ, ಇವತ್ತಿಂದ ಆಡಲ್ಲ" ಅಂತಾನೆ. ನಾಟಕ ಅಂತ ಅನ್ನಿಸುವುದಿಲ್ಲ, ಮುಖ ನೋಡಿದರೆ ನಿಜವಾಗಿ ಬೇಜಾರಾಗಿದೆ ಅಂತ ಗೊತ್ತಾಗುತ್ತೆ. ರಾತ್ರಿ ಮತ್ತೆ ಅದೇ.

ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ನಡೆದ ಒಂದು ಅಧ್ಯಯನದ ಬಗ್ಗೆ ಓದಿದೆ. 2012ರದ್ದು. ಅತಿಯಾಗಿ ಗೇಮ್ ಆಡುವವರು ತಪ್ಪು ಮಾಡಿದಾಗ ಮೆದುಳಲ್ಲಿ ಏಳಬೇಕಾದ ಒಂದು ಸಂಕೇತ ಉಳಿದವರಿಗಿಂತ ಚಿಕ್ಕದಾಗಿತ್ತಂತೆ. ಹಾಗಾದರೆ ಇವನಿಗೆ ತಪ್ಪು ತಾಗುವುದೇ ಇಲ್ವಾ? ಬೈದು ಪ್ರಯೋಜನ ಇಲ್ವಾ? ಅಪ್ಪ ವೈಫೈ ಕಿತ್ತು ಹಾಕಿದ್ದಾರೆ, ಇವನು ಮೊಬೈಲ್ ಡೇಟಾದಲ್ಲಿ ಆಡ್ತಾನೆ. ಗೊತ್ತಿರುವವರು ಹೇಳಿ.

ಗಿರ್ಮಿಟ್ ಪ್ರೇಮಿ
ಫೋನ್ ಕಸಿದುಕೊಳ್ರಿ. ಸಂಕೇತ ತಾನಾಗಿ ದೊಡ್ಡದಾಗುತ್ತೆ.

ಇಇಜಿ ಟೋಪಿ
ತುಂಗೆ ದಂಡೆ ಅವರೇ, ನಾನು ಇಂಥದ್ದೇ ಪ್ರಯೋಗ ಮಾಡುವ ಲ್ಯಾಬಿನಲ್ಲಿದ್ದೇನೆ. ತಲೆ ಮೇಲೆ ಎಲೆಕ್ಟ್ರೋಡ್ ಇಟ್ಟು ಮೆದುಳಿನ ವಿದ್ಯುತ್ ಅಲೆ ಅಳೆಯುತ್ತೇವೆ, ಅದಕ್ಕೇ ಇಇಜಿ ಅನ್ನುವುದು. ಸ್ವಲ್ಪ ಉದ್ದ ಬರೀತೀನಿ, ಓದಿ.

ಆ ಸಂಕೇತಕ್ಕೆ ಎರರ್ ರಿಲೇಟೆಡ್ ನೆಗೆಟಿವಿಟಿ, ಚಿಕ್ಕದಾಗಿ ಇಆರ್‌ಎನ್ ಅಂತ ಕರೆಯುತ್ತಾರೆ. 1990ರ ದಶಕದ ಶುರುವಿನಲ್ಲಿ ಜರ್ಮನಿಯ ಒಂದು ತಂಡ, ಅಮೆರಿಕದ ಒಂದು ತಂಡ ಬೇರೆ ಬೇರೆಯಾಗಿ ಇದನ್ನು ಗುರುತಿಸಿದವು. ಪ್ರಯೋಗ ತುಂಬಾ ಸರಳ. ಪರದೆ ಮೇಲೆ ಗುರುತುಗಳು ಪಟಪಟ ಬರುತ್ತವೆ. ಹೆಚ್ಚಿನವಕ್ಕೆ ಗುಂಡಿ ಒತ್ತಬೇಕು, ಕೆಲವಕ್ಕೆ ಮಾತ್ರ ಒತ್ತಬಾರದು. ಕೈ ಓಟದಲ್ಲಿರುತ್ತೆ, ಒತ್ತಬಾರದ ಕಡೆ ಒತ್ತಿಬಿಡುತ್ತೇವೆ. ಒತ್ತಿದ 50ರಿಂದ 100 ಮಿಲಿಸೆಕೆಂಡಿನೊಳಗೆ, ಅಂದರೆ "ಅಯ್ಯೋ" ಅನ್ನುವುದಕ್ಕೂ ಮೊದಲು, ತಲೆಯ ಮುಂಭಾಗದ ನಡುವೆ ಒಂದು ಋಣ ವಿದ್ಯುತ್ ಅಲೆ ಏಳುತ್ತೆ. ಅದು ಹುಟ್ಟುವುದು ಮುಖ್ಯವಾಗಿ ಆಂಟೀರಿಯರ್ ಸಿಂಗ್ಯುಲೇಟ್ ಅನ್ನುವ ಜಾಗದಲ್ಲಿ ಅಂತ ಲೆಕ್ಕ.

ಅದರ ಎತ್ತರ ಕೆಲವೇ ಮೈಕ್ರೋವೋಲ್ಟ್. ಒಂದೇ ಸಲ ಅಳೆದರೆ ಜಾತ್ರೆ ಗದ್ದಲದಲ್ಲಿ ಯಾರೋ ಪಿಸುಗುಟ್ಟಿದ ಹಾಗೆ, ಏನೂ ಕೇಳಿಸುವುದಿಲ್ಲ. ಅದಕ್ಕೇ ಒಬ್ಬರಿಂದ ಎಷ್ಟೋ ತಪ್ಪು ಮಾಡಿಸಿ ಸರಾಸರಿ ತೆಗೆಯುತ್ತೇವೆ.

ಈಗ ಮುಖ್ಯವಾದ್ದು. ಇದಾದ ಮೇಲೆ ಇನ್ನೊಂದು ಅಲೆ ಬರುತ್ತೆ, ಸುಮಾರು 200ರಿಂದ 400 ಮಿಲಿಸೆಕೆಂಡಿನ ಹೊತ್ತಿಗೆ. ಅದರ ಹೆಸರು ಪಿಇ. ಮೊದಲನೆಯದು ನಮಗೆ ಗಮನವೇ ಇಲ್ಲದ ತಪ್ಪಿಗೂ ಬರಬಹುದು. "ಹೌದು, ತಪ್ಪು ಮಾಡಿದೆ" ಅಂತ ಅರಿವಿಗೆ ಬರುವುದಕ್ಕೆ ಹತ್ತಿರದ ನಂಟಿರುವುದು ಎರಡನೆಯದಕ್ಕೆ. ರಾಟರ್‌ಡ್ಯಾಮ್ ತಂಡ ಚಿಕ್ಕದಾಗಿದೆ ಅಂದದ್ದು ಮೊದಲನೆಯದನ್ನು. ನಿಮ್ಮ ತಮ್ಮನಿಗೆ ತಪ್ಪು ಗೊತ್ತಾಗುವುದಿಲ್ಲ ಅಂತ ಆ ಅಧ್ಯಯನದಿಂದ ಹೇಳುವುದಕ್ಕೆ ಆಗುವುದಿಲ್ಲ. ಬೆಳಗ್ಗೆ ಅವನು ಬೇಜಾರು ಮಾಡಿಕೊಳ್ಳುವುದು ನಿಜವೇ ಇರಬೇಕು.

ಸ್ಕ್ವಾಡ್ ಲೀಡರ್
ಬಂದ್ಬಿಟ್ರಾ ಮತ್ತೆ, "ಗೇಮರ್ ಅಂದ್ರೆ ತಲೆ ಕೆಟ್ಟವರು" ಅಂತ ಹೇಳೋಕೆ.

ನಾನು ಕಾಲೇಜು ಟೂರ್ನಮೆಂಟ್ ಆಡ್ತೀನಿ. ಒಂದು ಮ್ಯಾಚ್ ಸೋತರೆ ಕೂತು ರಿಪ್ಲೇ ನೋಡ್ತೀವಿ. ಯಾರು ತಪ್ಪು ಜಾಗದಲ್ಲಿ ಇಳಿದ, ಯಾರು ಸುಮ್ನೆ ಗುಂಡು ಹಾರಿಸಿ ಜಾಗ ತೋರಿಸಿಬಿಟ್ಟ, ಎಲ್ಲ ಲೆಕ್ಕ ಹಾಕ್ತೀವಿ. ತಪ್ಪನ್ನ ನಮ್ಮಷ್ಟು ಸೀರಿಯಸ್ ಆಗಿ ತಗೊಳ್ಳೋರು ಯಾರಿದ್ದಾರೆ ಹೇಳಿ. ನಮ್ಮ ಮೇಷ್ಟ್ರುಗಳು ತಮ್ಮ ಕ್ಲಾಸಿನ ರಿಪ್ಲೇ ನೋಡಿದ್ದಾರಾ ಯಾವತ್ತಾದರೂ?

ನಿವೃತ್ತ ಮೇಷ್ಟ್ರು
ನೋಡಿಲ್ಲ ಮರಿ. ನಮ್ಮ ಕಾಲದಲ್ಲಿ ಇನ್‌ಸ್ಪೆಕ್ಟರ್ ಹಿಂದಿನ ಬೆಂಚಲ್ಲಿ ಕೂತು ನೋಡ್ತಿದ್ರು, ಅದೇ ಸಾಕಾಗಿತ್ತು.

ಆದರೆ ಒಂದು ಮಾತು. ಆಟದ ತಪ್ಪನ್ನು ಅಷ್ಟು ಚೆನ್ನಾಗಿ ತಿದ್ದಿಕೊಳ್ಳುವ ಹುಡುಗನೇ ಪರೀಕ್ಷೆಯಲ್ಲಿ ಅದೇ ಲೆಕ್ಕವನ್ನು ಮೂರನೇ ಸಲವೂ ತಪ್ಪು ಮಾಡುತ್ತಾನೆ. ಇದನ್ನು ತರಗತಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ಮೆದುಳು ಒಂದೇ ತಾನೆ? ಒಂದು ಕಡೆ ಕೆಲಸ ಮಾಡಿ ಇನ್ನೊಂದು ಕಡೆ ಯಾಕೆ ಮಾಡುವುದಿಲ್ಲ?

ಬಂಗುಡೆ ಫ್ರೈ
ಮೇಷ್ಟ್ರೇ, ಲೆಕ್ಕ ತಪ್ಪಿದರೆ ನೀವು ಉತ್ತರ ಪತ್ರಿಕೆ ಕೊಡುವುದು ಯಾವಾಗ? ಹದಿನೈದು ದಿನ ಬಿಟ್ಟು. ಅಷ್ಟರಲ್ಲಿ ಆ ಲೆಕ್ಕ ಯಾವುದು ಅಂತಲೇ ಮರೆತಿರುತ್ತದೆ ಮಾರಾಯ್ರೇ. ಆಟದಲ್ಲಿ ತಪ್ಪಿದ ಕೂಡಲೇ ಢಂ, ಸತ್ತೆ. ಮರು ನಿಮಿಷಕ್ಕೆ ಹೊಸ ಮ್ಯಾಚ್.

ಗಿರ್ಮಿಟ್ ಪ್ರೇಮಿ
ಇಂಜಿನಿಯರಿಂಗ್‌ನಾಗ ಆರು ತಿಂಗಳು ಬಿಟ್ಟು ಢಂ.

ಇಇಜಿ ಟೋಪಿ
ಬಂಗುಡೆ ಫ್ರೈ ಅವರು ತಮಾಷೆಗೆ ಹೇಳಿದ್ದರಲ್ಲಿ ದಮ್ ಇದೆ. ಇಆರ್‌ಎನ್ ಬಗ್ಗೆ ಹೆಚ್ಚು ಚರ್ಚೆಯಾದ ವಾದಗಳಲ್ಲಿ ಒಂದು 2002ರದ್ದು, ಹಾಲ್‌ರಾಯ್ಡ್ ಮತ್ತು ಕೋಲ್ಸ್ ಅನ್ನುವ ಸಂಶೋಧಕರದ್ದು. ಅಂದುಕೊಂಡದ್ದಕ್ಕಿಂತ ಕೆಟ್ಟದ್ದು ಆದಾಗ ಡೋಪಮಿನ್ ಅನ್ನುವ ಮೆದುಳಿನ ರಾಸಾಯನಿಕ ತಟ್ಟನೆ ಇಳಿಯುತ್ತೆ, ಆ ಇಳಿತವನ್ನು ಸಿಂಗ್ಯುಲೇಟ್ ಭಾಗ "ಮುಂದಿನ ಸಲ ಬೇರೆ ಥರ ಮಾಡು" ಅಂತ ಕಲಿಯುವುದಕ್ಕೆ ಬಳಸಿಕೊಳ್ಳುತ್ತೆ ಅನ್ನುವುದು ಅದರ ಸಾರ. ಮಾಡಿದ್ದಕ್ಕೂ ಅದರ ಫಲಕ್ಕೂ ನಡುವೆ ಅಂತರ ಜಾಸ್ತಿಯಾದಷ್ಟೂ ಈ ಥರದ ಕಲಿಕೆ ಕಷ್ಟ.

ಆದರೆ ಇದರಿಂದಲೇ ಚಟ ಹುಟ್ಟುತ್ತೆ ಅನ್ನುವುದಕ್ಕೆ ಹೋಗಬೇಡಿ. ಸಾವಿರಾರು ಜನ ಆಡ್ತಾರೆ, ಎಲ್ಲರಿಗೂ ಚಟ ಹತ್ತುವುದಿಲ್ಲ.

ಸ್ಕ್ವಾಡ್ ಲೀಡರ್, ನಿಮಗೂ ಒಂದು ಉತ್ತರ. ಆ ಅಧ್ಯಯನ ಗೇಮರ್‌ಗಳೆಲ್ಲರ ಬಗ್ಗೆ ಅಲ್ಲ, ಅತಿಯಾಗಿ ಆಡುವವರ ಬಗ್ಗೆ. ಎರಡೂ ಗುಂಪು ಸೇರಿ ಐವತ್ತರ ಆಸುಪಾಸು ಜನ ಇದ್ದರು. ಅತಿಯಾಗಿ ಆಡುವವರು ಒತ್ತಬಾರದ ಕಡೆ ಗುಂಡಿ ಒತ್ತಿದ್ದೂ ಜಾಸ್ತಿ. ಮುಂದೆ ಚೀನಾದಲ್ಲಿ ಇಂಟರ್ನೆಟ್ ಚಟ ಇರುವವರ ಮೇಲೆ ಬೇರೆ ಪ್ರಯೋಗ ಮಾಡಿದಾಗಲೂ ಇಆರ್‌ಎನ್ ಚಿಕ್ಕದಾಗಿ ಕಂಡಿತು.

ಸ್ಕ್ವಾಡ್ ಲೀಡರ್
ಸರಿ, ಒಂದು ಪ್ರಶ್ನೆ. ಆ ಪ್ರಯೋಗ ಬೋರ್ ಹೊಡೆಯುವ ಪ್ರಯೋಗ ಅಲ್ವಾ? ದಿನಾ ಹೆಡ್‌ಶಾಟ್ ಹೊಡೆಯುವವನನ್ನ ಕೂರಿಸಿ ಅಕ್ಷರ ಬಂದರೆ ಗುಂಡಿ ಒತ್ತು ಅಂದರೆ ಅವನು ಯಾಕೆ ತಲೆ ಕೆಡಿಸ್ಕೋತಾನೆ? ತಪ್ಪಾದರೆ ಆಗಲಿ ಅಂತಾನೆ. ಸಂಕೇತ ಚಿಕ್ಕದು ಬಂದಿದ್ದು ಅದಕ್ಕೇ ಇರಬಹುದಲ್ಲ.

ಇಇಜಿ ಟೋಪಿ
ಇದು ಒಳ್ಳೆ ಪ್ರಶ್ನೆ, ವ್ಯಂಗ್ಯ ಅಲ್ಲ. ಮೊದಲು ಹೇಳಿದ ಅಮೆರಿಕದ ತಂಡದ 1993ರ ಅಧ್ಯಯನದಲ್ಲೇ ಇದರ ಸುಳಿವಿದೆ. "ವೇಗ ಮುಖ್ಯ" ಅಂದಾಗ ಅಲೆ ಚಿಕ್ಕದು, "ಸರಿಯಾಗಿರುವುದು ಮುಖ್ಯ" ಅಂದಾಗ ದೊಡ್ಡದು. ತಪ್ಪಿಗೆ ದಂಡ ಜಾಸ್ತಿ ಇಟ್ಟರೂ ದೊಡ್ಡದಾಗುತ್ತೆ. ಅಂದರೆ ಇದು ತಪ್ಪನ್ನು ಮಾತ್ರ ಹೇಳುವ ಮೀಟರ್ ಅಲ್ಲ, ಆ ತಪ್ಪು ಆ ಮನುಷ್ಯನಿಗೆ ಎಷ್ಟು ಮುಖ್ಯ ಅನ್ನುವುದೂ ಅದರಲ್ಲಿ ಬೆರೆತಿರುತ್ತೆ. ಹಾಗಾಗಿ ನೀವು ಹೇಳಿದ ಸಾಧ್ಯತೆಯನ್ನು ಸುಲಭಕ್ಕೆ ತಳ್ಳಿಹಾಕುವ ಹಾಗಿಲ್ಲ.

ಇನ್ನೊಂದು, ನಿದ್ದೆ. ನಿದ್ದೆಗೆಟ್ಟರೆ ತಪ್ಪನ್ನು ಗಮನಿಸಿ ತಿದ್ದಿಕೊಳ್ಳುವ ಈ ವ್ಯವಸ್ಥೆ ಯಾರಲ್ಲಾದರೂ ಸರಿ ಮಂಕಾಗುತ್ತೆ. ತುಂಗೆ ದಂಡೆ ಅವರ ತಮ್ಮ ಬೆಳಗಿನ ಜಾವ ಮಲಗುತ್ತಾನೆ ಅಂದರಲ್ಲ, ನನಗೆ ಮೊದಲು ಕಣ್ಣಿಗೆ ಬಿದ್ದಿದ್ದು ಅದು.

ಮೂರನೇ ಮಹಡಿ
ಕುಡುಕರಲ್ಲೂ ಹೀಗೇನಾ? ನಮ್ಮ ಪಕ್ಕದ ಮನೆಯವರಿಗೆ ತಪ್ಪು ಅನ್ನುವ ಸಂಕೇತ ಹುಟ್ಟಿದಾಗಿಂದ ಬಂದೇ ಇಲ್ಲ ಅನ್ನಿಸುತ್ತೆ. ರಾತ್ರಿ ಹನ್ನೊಂದಕ್ಕೆ ಸ್ಪೀಕರ್ ಹಾಕ್ತಾರೆ.

ಇಇಜಿ ಟೋಪಿ
ಪಕ್ಕದ ಮನೆಯವರ ಬಗ್ಗೆ ನನ್ನ ಹತ್ತಿರ ದತ್ತಾಂಶ ಇಲ್ಲ :)

ಕುಡಿತದ ಕತೆ ವಿಚಿತ್ರ. ಕುಡಿದ ಹೊತ್ತಿನಲ್ಲಿ ಇಆರ್‌ಎನ್ ಚಿಕ್ಕದಾಗುತ್ತೆ, 2002ರಲ್ಲಿ ಇದನ್ನು ತೋರಿಸಿದ್ದಾರೆ. ಆದರೆ ಮದ್ಯದ ಚಟ ಇರುವವರನ್ನು ಕುಡಿಯದೇ ಇರುವಾಗ ಅಳೆದ ಕೆಲವು ಅಧ್ಯಯನಗಳಲ್ಲಿ ಅದು ಸಾಮಾನ್ಯಕ್ಕಿಂತ ದೊಡ್ಡದಾಗಿ ಬಂದಿದೆ. ಕೊಕೇನ್ ಚಟದವರಲ್ಲಿ ಚಿಕ್ಕದು. ಅತಿಯಾದ ಆತಂಕ ಇರುವವರಲ್ಲಿ, ಬೀಗ ಹಾಕಿದೆನಾ ಇಲ್ವಾ ಅಂತ ಮತ್ತೆ ಮತ್ತೆ ನೋಡುವ ಒಸಿಡಿ ಇರುವವರಲ್ಲಿ ದೊಡ್ಡದು. ಹಾಗಾಗಿ ದೊಡ್ಡದಾದರೆ ಒಳ್ಳೆಯದು, ಚಿಕ್ಕದಾದರೆ ಕೆಟ್ಟದ್ದು ಅಂತ ಏನೂ ಇಲ್ಲ.

ಅಡಿಕೆ ತೋಟ
ಇದೆಲ್ಲ ಓದಿ ಒಬ್ಬ ಅಪ್ಪನಾಗಿ ಹೇಳ್ತೀನಿ. ನಮ್ಮ ಮಗ ಎಂಟನೇ ಕ್ಲಾಸಿನಲ್ಲಿದ್ದಾಗ ನನ್ನ ಫೋನಿನ ಯುಪಿಐ ಪಿನ್ ನೋಡಿಕೊಂಡು ಗೇಮಿನೊಳಗೆ ಬಟ್ಟೆ, ಬಂದೂಕಿನ ಬಣ್ಣ ಅಂತ ಖರೀದಿ ಮಾಡಿದ್ದ. ಬ್ಯಾಂಕ್ ಮೆಸೇಜ್ ಬಂದದ್ದನ್ನೂ ಅಳಿಸಿಹಾಕಿದ್ದ. ತಪ್ಪು ಅಂತ ಗೊತ್ತಿಲ್ಲದವನು ಮೆಸೇಜ್ ಯಾಕೆ ಅಳಿಸುತ್ತಾನೆ? ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೂ ಕೈ ನಿಲ್ಲಲಿಲ್ಲ.

ನಾನು ಹೊಡೆದೆ. ಅವನು ಆಡುವುದು ಬಿಡಲಿಲ್ಲ, ನನ್ನ ಹತ್ತಿರ ಮಾತಾಡುವುದು ಬಿಟ್ಟ. ನಂತರ ಅವರಮ್ಮನೇ ದಾರಿ ಹುಡುಕಿದಳು. ಆಡು, ಆದರೆ ಜಗಲಿಯಲ್ಲಿ ಕೂತು ಆಡು, ಎಂಟು ಗಂಟೆಗೆ ಮುಗಿಸು, ಫೋನ್ ರಾತ್ರಿ ಅಡುಗೆ ಮನೆಯಲ್ಲಿ ಚಾರ್ಜ್‌ಗೆ. ನಮ್ಮ ಫೋನೂ ಅಲ್ಲೇ. ಅದು ನಡೆಯಿತು. ನನಗೇ ರಾತ್ರಿ ಯೂಟ್ಯೂಬ್ ಇಲ್ಲದೆ ನಿದ್ದೆ ಬರುತ್ತಿರಲಿಲ್ಲ ಬಿಡಿ.

ತುಂಗೆ ದಂಡೆ
ಅಣ್ಣಾ, ಮೆಸೇಜ್ ಅಳಿಸಿದ ವಿಷಯ ಓದಿ ಸುಮ್ಮನಾಗಿಬಿಟ್ಟೆ. ಇವನೂ ಫೋನ್ ಉಪಯೋಗಿಸಿದ ಗಂಟೆ ತೋರಿಸುವ ಸೆಟ್ಟಿಂಗ್ ಆಫ್ ಮಾಡಿ ಇಟ್ಟಿದ್ದಾನೆ.

ಆದರೆ ಇವನಿಗೆ ಇಪ್ಪತ್ತು ವರ್ಷ. ಫೋನ್ ಅಡುಗೆ ಮನೆಯಲ್ಲಿಡು ಅಂದರೆ ಕೇಳುವ ವಯಸ್ಸಲ್ಲ.

ಹಾನ್ ನದಿ ಕನ್ನಡಿಗ
ಕೊರಿಯಾದಿಂದ ಬರೀತಾ ಇದ್ದೇನೆ. ಇಲ್ಲಿ ಕಾನೂನನ್ನೇ ತಂದು ನೋಡಿದರು. 2011ರಿಂದ ಹದಿನಾರು ವರ್ಷದೊಳಗಿನ ಮಕ್ಕಳಿಗೆ ನಡುರಾತ್ರಿ ಹನ್ನೆರಡರಿಂದ ಬೆಳಗ್ಗೆ ಆರರ ತನಕ ಆನ್‌ಲೈನ್ ಗೇಮ್ ಬಂದ್. ಮಕ್ಕಳು ಅಪ್ಪ ಅಮ್ಮನ ನೋಂದಣಿ ಸಂಖ್ಯೆ ಹಾಕಿ ಆಡಿದರು. ಕಾನೂನು ಕಂಪ್ಯೂಟರ್ ಗೇಮ್‌ಗಳಿಗೆ, ಅಷ್ಟರಲ್ಲಿ ಎಲ್ಲರೂ ಮೊಬೈಲ್ ಗೇಮಿಗೆ ಬಂದಾಗಿತ್ತು. 2021ರಲ್ಲಿ ರದ್ದು ಮಾಡುವ ತೀರ್ಮಾನ ಆಯಿತು, 2022ರಿಂದ ಇಲ್ಲ.

ಅದೇ 2021ರಲ್ಲಿ ಚೀನಾ ಉಲ್ಟಾ ದಾರಿ ಹಿಡಿಯಿತು. ಹದಿನೆಂಟರೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾ ದಿನಗಳಲ್ಲಿ ರಾತ್ರಿ ಎಂಟರಿಂದ ಒಂಬತ್ತು. ಅಷ್ಟೇ.

ಗಿರ್ಮಿಟ್ ಪ್ರೇಮಿ
ನಮ್ಮಲ್ಲಿ ಕರೆಂಟ್ ತೆಗೆದರ ಸಾಕ್ರಿ, ಕಾನೂನು ಯಾಕ ಬೇಕು.

ಬಂಗುಡೆ ಫ್ರೈ
2020ರಲ್ಲಿ ನಮ್ಮಲ್ಲೂ ಪಬ್ಜಿ ನಿಷೇಧ ಆಗಿತ್ತಲ್ಲ. ನಮ್ಮ ಓಣಿಯ ಹುಡುಗರು ಮರುದಿನ ಬೇರೆ ಗೇಮ್. ಒಬ್ಬನಾದರೂ ಪುಸ್ತಕ ಮುಟ್ಟಿದ್ದನ್ನು ಕಾಣಲಿಲ್ಲ.

ಮೂರನೇ ಮಹಡಿ
ಮಕ್ಕಳ ಗೇಮ್ ಬಿಡಿ, ರಮ್ಮಿ ಆಡಿ ಮನೆ ಕಳೆದುಕೊಂಡವರ ಕತೆ ಯಾರೂ ಮಾತಾಡಲ್ಲ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿನ ಆನ್‌ಲೈನ್ ಆಟ ನಿಲ್ಲಿಸಲು ಹೋಯಿತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ಹೊಡೆದುಹಾಕಿತು. 2025ರ ಆಗಸ್ಟ್‌ನಲ್ಲಿ ಕೇಂದ್ರವೇ ಕಾಯ್ದೆ ಮಾಡಿತು.

ಸ್ಕ್ವಾಡ್ ಲೀಡರ್
ದುಡ್ಡಿನ ಆಟ ಬೇರೆ, ಇದು ಬೇರೆ. ಎರಡನ್ನೂ ಸೇರಿಸಬೇಡಿ. 2025ರ ಕಾಯ್ದೆಯಲ್ಲೇ ಸ್ಪರ್ಧೆಯಾಗಿ ಆಡುವ ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಇದೆ.

ಅಡಿಕೆ ತೋಟ
ಬೇರೆ ಅಂತೀಯಾ ತಮ್ಮಾ, ನಮ್ಮ ಹುಡುಗ ಖರೀದಿ ಮಾಡಿದ್ದರಲ್ಲಿ ಅರ್ಧ ಅದೃಷ್ಟದ ಪೆಟ್ಟಿಗೆ. ಒಳಗೇನಿದೆ ಅಂತ ತೆರೆಯುವ ತನಕ ಗೊತ್ತಿಲ್ಲ. ಜಾತ್ರೆಯಲ್ಲಿ ಚಕ್ರ ತಿರುಗಿಸುವವನು ಕೂಡ ಅದನ್ನೇ ಮಾಡುವುದು.

ಸ್ಕ್ವಾಡ್ ಲೀಡರ್
ಲೂಟ್ ಬಾಕ್ಸ್ ವಿಷಯದಲ್ಲಿ ನಾನೂ ನಿಮ್ಮ ಕಡೆಗೇ ಇದ್ದೀನಿ ಅಂಕಲ್. ಅದನ್ನ ಆಟ ಅಂತ ನಾವೂ ಕರೆಯಲ್ಲ.

ಇಇಜಿ ಟೋಪಿ
ಇದಕ್ಕೆ ಸಂಬಂಧಪಟ್ಟ ಒಂದು ಮಾತು. 2009ರಲ್ಲಿ ಲ್ಯೂಕ್ ಕ್ಲಾರ್ಕ್ ಮತ್ತು ಜೊತೆಗಾರರು ಸ್ಲಾಟ್ ಯಂತ್ರದ ಥರದ ಆಟ ಆಡಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಸ್ವಲ್ಪದರಲ್ಲಿ ತಪ್ಪಿಹೋದ ಸೋಲು ಇರುತ್ತಲ್ಲ, ಆಗ ಗೆಲುವಿಗೆ ಸ್ಪಂದಿಸುವ ಭಾಗಗಳೇ ಚುರುಕಾದವು. ಸೋತದ್ದು ಸೋಲೇ, ಆದರೂ ಇನ್ನೊಂದು ಸಲ ಆಡಬೇಕು ಅನ್ನಿಸಿತು. ಅದು ಜೂಜಿನ ಅಧ್ಯಯನ. ಬ್ಯಾಟಲ್ ರಾಯಲ್‌ನಲ್ಲಿ ಎರಡನೇ ಸ್ಥಾನಕ್ಕೆ ಬಂದು ಸತ್ತಾಗಲೂ ಹೀಗೇ ಆಗುತ್ತೆ ಅನ್ನುವುದು ನನ್ನ ಊಹೆ ಮಾತ್ರ.

ಸ್ಕ್ವಾಡ್ ಲೀಡರ್
ಊಹೆ ಅಲ್ಲ, ನಿಜ. ಮೊದಲೇ ಸತ್ತರೆ ಮಲಗ್ತೀವಿ. ಎರಡನೇ ಸ್ಥಾನ ಬಂದರೆ "ಇನ್ನೊಂದೇ ಮ್ಯಾಚ್".

ದಾದಿ ಡ್ಯೂಟಿ
ಮನೋರೋಗ ವಿಭಾಗದಲ್ಲಿ ನರ್ಸ್ ಆಗಿದ್ದೇನೆ. ತುಂಗೆ ದಂಡೆ ಅಕ್ಕನ ಪ್ರಶ್ನೆ ಎಲ್ಲೋ ಉಳಿದುಹೋಯಿತು, ಅದಕ್ಕೆ ಬರುತ್ತೇನೆ.

ಜಾಸ್ತಿ ಹೊತ್ತು ಆಡುವುದೇ ರೋಗ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಅನ್ನುವ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಇದೆ, 2022ರಿಂದ ಜಾರಿ. ಅಲ್ಲಿ ಗಂಟೆ ಲೆಕ್ಕ ಇಲ್ಲ. ಆಟದ ಮೇಲೆ ಹಿಡಿತ ತಪ್ಪಿದೆಯಾ, ಬೇರೆಲ್ಲದಕ್ಕಿಂತ ಆಟವೇ ಮೊದಲಾಗಿದೆಯಾ, ಕೆಟ್ಟದ್ದು ಆಗುತ್ತಿದ್ದರೂ ಮುಂದುವರಿಯುತ್ತಿದೆಯಾ, ಇದರಿಂದ ಓದು, ಕೆಲಸ, ಸಂಬಂಧ ಕೆಟ್ಟಿದೆಯಾ ಅಂತ ನೋಡುತ್ತಾರೆ. ಸಾಮಾನ್ಯವಾಗಿ ಒಂದು ವರ್ಷ ಹೀಗೆ ನಡೆದಿರಬೇಕು. ಅಮೆರಿಕದ ಮನೋರೋಗಗಳ ಕೈಪಿಡಿ ಡಿಎಸ್‌ಎಮ್-5ರಲ್ಲಿ 2013ರಲ್ಲಿ "ಇನ್ನೂ ಅಧ್ಯಯನ ಆಗಬೇಕು" ಅನ್ನುವ ಭಾಗದಲ್ಲಿ ಸೇರಿಸಿದರು, ಅಲ್ಲಿ ಒಂಬತ್ತು ಲಕ್ಷಣ, ಐದು ಇದ್ದರೆ ಲೆಕ್ಕಕ್ಕೆ. ಎಲ್ಲಿಯೂ ಇಇಜಿ ಮಾಡಿ ಚಟ ಇದೆ ಅಂತ ಹೇಳುವುದಿಲ್ಲ. ಯಾರಾದರೂ ಮೆದುಳು ಸ್ಕ್ಯಾನ್ ಮಾಡಿ ಗೇಮ್ ಚಟ ಕಂಡುಹಿಡಿಯುತ್ತೇವೆ ಅಂತ ದುಡ್ಡು ಕೇಳಿದರೆ ಎದ್ದು ಬನ್ನಿ.

ಇನ್ನೊಂದು. ಆಟದ ಹಿಂದೆ ಖಿನ್ನತೆ, ಆತಂಕ, ಗಮನ ನಿಲ್ಲದ ಎಡಿಎಚ್‌ಡಿ ಇರುವುದು ಅಪರೂಪ ಅಲ್ಲ. ಬ್ಯಾಕ್ ಉಳಿದದ್ದು ಆಟದಿಂದಲೋ, ಬ್ಯಾಕ್ ಉಳಿದ ಬೇಸರಕ್ಕೆ ಆಟವೋ, ಅದನ್ನು ಕೇಳಿ ತಿಳಿಯಬೇಕು.

ನೀವು ಕರ್ನಾಟಕದಲ್ಲೇ ಇದ್ದೀರಿ ಅನ್ನಿಸುತ್ತೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ, ಮೊಬೈಲ್ ಮತ್ತು ಗೇಮ್ ವಿಷಯಕ್ಕೇ ಅಂತ ಇರುವುದು. ಮೊದಲು ಫೋನಿನಲ್ಲೇ ಮಾತಾಡಬೇಕು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ನಂಬರ್ 14416, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ನಿವೃತ್ತ ಮೇಷ್ಟ್ರು
ಹಾಗಾದರೆ ಮೂಲ ಪ್ರಶ್ನೆ. ಆಡಿ ಆಡಿ ಆ ಸಂಕೇತ ಚಿಕ್ಕದಾಯಿತೋ, ಮೊದಲೇ ಚಿಕ್ಕದಿದ್ದವರಿಗೆ ಚಟ ಹತ್ತಿತೋ?

ಇಇಜಿ ಟೋಪಿ
ಒಂದೇ ಸಲ ಎರಡು ಗುಂಪನ್ನು ಅಕ್ಕಪಕ್ಕ ಇಟ್ಟು ಅಳೆಯುವ ಅಧ್ಯಯನದಿಂದ ಅದನ್ನು ಹೇಳಲು ಸಾಧ್ಯವಿಲ್ಲ ಸರ್. ಚಿಕ್ಕ ಮಕ್ಕಳಿಂದ ಹಿಡಿದು ವರ್ಷಗಟ್ಟಲೆ ಹಿಂಬಾಲಿಸಿ ಅಳೆಯಬೇಕು. ಜೊತೆಗೆ ದುಡುಕು ಸ್ವಭಾವದವರಲ್ಲಿ, ಆಟ ಆಡದೇ ಇದ್ದವರಲ್ಲೂ, ಈ ಅಲೆ ಚಿಕ್ಕದಿರುವುದು ಕಂಡಿದೆ. ನನ್ನನ್ನು ಕೇಳಿದರೆ ಎರಡೂ ಸ್ವಲ್ಪ ಸ್ವಲ್ಪ, ನಿದ್ದೆಗೇಡಿನದ್ದೂ ಒಂದು ಪಾಲು. ಇದು ನನ್ನ ಅಂದಾಜು, ಲ್ಯಾಬಿನ ತೀರ್ಪಲ್ಲ.

ಬಂಗುಡೆ ಫ್ರೈ
ಇಷ್ಟೊಂದು ಓದಿ ಕೊನೆಗೆ "ಗೊತ್ತಿಲ್ಲ" ಅಂತ ಬಂತಲ್ಲ ಮಾರಾಯ್ರೇ.

ದಾದಿ ಡ್ಯೂಟಿ
ಕಾರಣ ಪೂರ್ತಿ ತಿಳಿಯದಿದ್ದರೂ ಚಿಕಿತ್ಸೆ ಕೆಲಸ ಮಾಡುತ್ತೆ. ಜರ್ಮನಿ, ಆಸ್ಟ್ರಿಯಾದಲ್ಲಿ 143 ಗಂಡಸರ ಮೇಲೆ ಮಾತಿನ ಚಿಕಿತ್ಸೆಯ ಪ್ರಯೋಗ ಆಯಿತು, 2019ರಲ್ಲಿ ಪ್ರಕಟವಾಗಿದೆ. ವಾರಕ್ಕೊಮ್ಮೆ ಗುಂಪಿನಲ್ಲಿ ಕೂತು ಮಾತು, ಜೊತೆಗೆ ಒಬ್ಬೊಬ್ಬರೊಂದಿಗೆ ಬೇರೆ. ಚಿಕಿತ್ಸೆ ಪಡೆದವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ತುಸು ಜಾಸ್ತಿ ಜನ ಚೇತರಿಸಿಕೊಂಡರು. ಸರದಿಗೆ ಕಾಯುತ್ತಿದ್ದವರಲ್ಲಿ ನಾಲ್ಕರಲ್ಲಿ ಒಬ್ಬರಷ್ಟೇ. ಯಾವಾಗ ಆಡಬೇಕು ಅನ್ನಿಸುತ್ತೆ, ಅದಕ್ಕೆ ಮುಂಚೆ ಏನಾಗಿತ್ತು ಅಂತ ತಾವೇ ಬರೆದಿಟ್ಟುಕೊಳ್ಳುವ ಅಭ್ಯಾಸ ಇಂಥ ಚಿಕಿತ್ಸೆಯಲ್ಲಿ ಸಾಮಾನ್ಯ.

ಸ್ಕ್ವಾಡ್ ಲೀಡರ್
ಅಕ್ಕಾ, ನಾನೊಂದು ಹೇಳಲಾ? ನಿಮ್ಮ ತಮ್ಮನಿಗೆ ಬೆಳಗ್ಗೆ ಯಾಕೆ ಆಡಿದೆ ಅಂತ ಕೇಳಬೇಡಿ. ಸಾರಿ ಅಂತಾನೆ, ಮುಗೀತು. ಯಾವ ಮ್ಯಾಚ್ ಆದಮೇಲೆ ನಿಲ್ಲಿಸಬೇಕು ಅಂತಿದ್ದೆ, ಯಾಕೆ ನಿಲ್ಲಿಸಲಿಲ್ಲ ಅಂತ ಕೇಳಿ. ಸಂಜೆ ಹೊತ್ತು ಕೇಳಿ, ಅಮ್ಮ ಅಪ್ಪ ಇಲ್ಲದಾಗ. ನಮ್ಮ ಟೀಮಿನಲ್ಲಿ ಒಬ್ಬ ಹೀಗೇ ಇದ್ದ, ನಾವು ಹನ್ನೊಂದಕ್ಕೆ ಲಾಬಿಯಿಂದ, ಅಂದರೆ ಮ್ಯಾಚ್‌ಗೆ ಮುಂಚೆ ಟೀಮ್ ಸೇರುವ ಜಾಗದಿಂದ, ತೆಗೆದುಹಾಕುತ್ತಿದ್ದೆವು. ಸ್ಕ್ವಾಡ್ ಇಲ್ಲ ಅಂದರೆ ಆಡಲು ಮಜಾ ಇಲ್ಲ, ಮಲಗುತ್ತಿದ್ದ. ಅವನ ಸ್ಕ್ವಾಡಿನವರು ಯಾರು ಅಂತ ನಿಮಗೆ ಗೊತ್ತಾ?

ತುಂಗೆ ದಂಡೆ
ಒಬ್ಬ ಗೊತ್ತು, ಅವನ ಪಿಯುಸಿ ಗೆಳೆಯ. ನಮ್ಮ ಮನೆಗೂ ಬರ್ತಾನೆ, ಒಳ್ಳೆ ಹುಡುಗ. ಅವನ ಹತ್ತಿರ ಮಾತಾಡಿ ನೋಡ್ತೀನಿ. ಅಪ್ಪನಿಗೆ ವೈಫೈ ಮತ್ತೆ ಹಾಕಿಸಲು ಹೇಳಿದೆ, ಡೇಟಾ ಪ್ಯಾಕಿಗೆ ದುಡ್ಡು ಸುರಿಯುವುದಾದರೂ ನಿಲ್ಲಲಿ. 14416 ನಂಬರ್ ಬರೆದುಕೊಂಡಿದ್ದೇನೆ, ಮೊದಲು ನಾನೇ ಮಾಡ್ತೀನಿ. ಮನೆಯವರು ಮಾಡಬಹುದಾ?

ದಾದಿ ಡ್ಯೂಟಿ
ಧಾರಾಳವಾಗಿ. ಎಷ್ಟೋ ಸಲ ಮನೆಯವರೇ ಮೊದಲು ಮಾಡುವುದು.

ಗಿರ್ಮಿಟ್ ಪ್ರೇಮಿ
ಇಇಜಿ ಟೋಪಿ ಅವರ, ನನ್ನ ತಲಿನೂ ಒಮ್ಮೆ ಅಳೀರಿ. ಹೆಂಡತಿ ದಿನಾ ಹೇಳ್ತಾಳ, ನಿಮಗ ತಪ್ಪು ಅನ್ನೂದ ತಿಳಿಯಂಗಿಲ್ಲ ಅಂತ.

ಇಇಜಿ ಟೋಪಿ
ಬನ್ನಿ ಸರ್. ಎರಡು ಗಂಟೆ ಕೂರಬೇಕು. ತಲೆಗೆ ಜೆಲ್ ಹಚ್ಚುತ್ತೇವೆ, ಆಮೇಲೆ ಅಲ್ಲೇ ತೊಳೆದುಕೊಳ್ಳಬಹುದು. ಕೊಬ್ಬರಿ ಎಣ್ಣೆ ಹಾಕಿಕೊಂಡು ಮಾತ್ರ ಬರಬೇಡಿ, ಎಲೆಕ್ಟ್ರೋಡ್ ಹಿಡಿಯುವುದಿಲ್ಲ. ಹೆಂಡತಿಯನ್ನೂ ಕರೆತನ್ನಿ, ಹೋಲಿಸಿ ನೋಡಲು ಇನ್ನೊಬ್ಬರು ಬೇಕಲ್ಲ.